ಚೆಲ್ಲೋ, ಮೃದಂಗ, ಸ್ಯಾಕ್ಸ್ ಒಂದೇ ಕೋಣೆಯಲ್ಲಿ ಕೂತ್ರೆ ಯಾರು ಬಗ್ಗಬೇಕು?

ಫ್ಯೂಷನ್ ಅಂದ್ರೆ ನಮ್ಮ ಮಂಗ್ಳೂರು, ಉಡುಪಿ ಕಡೆ ಈಗ ಒಂದು ಫಿಕ್ಸ್ ಆದ ಚಿತ್ರ ಉಂಟು. ಬ್ರಹ್ಮಕಲಶದ ಸ್ಟೇಜ್ ಆಗ್ಲಿ ಕಾಲೇಜ್ ಡೇ ಆಗ್ಲಿ, ಒಬ್ರು ಎಲೆಕ್ಟ್ರಿಕ್ ವಯಲಿನ್ ಹಿಡ್ಕೊಂಡು ನಿಂತಿರ್ತಾರೆ, ಹಿಂದೆ ಕೀಬೋರ್ಡ್, ಒಂದು ಬದಿಗೆ ರಿದಮ್ ಪ್ಯಾಡ್, ಇನ್ನೊಂದು ಬದಿಗೆ ನಾಲ್ಕೈದು ಚೆಂಡೆ, ಲೈಟು ಕೆಂಪು ನೀಲಿ ಅಂತ ತಿರುಗ್ತಾ ಇರ್ತದೆ, ಕೊನೆಗೆ ಎಲ್ರೂ ಒಟ್ಟಿಗೆ ಬಾರಿಸ್ತಾರೆ, ಜನ ಶಿಳ್ಳೆ ಹೊಡೀತಾರೆ, ಮುಗೀತು. ನಂಗೆ ಅದ್ರ ಮೇಲೆ ಸಿಟ್ಟೇನಿಲ್ಲ ಮಾರಾಯ್ರೆ, ಊಟಕ್ಕೆ ಮುಂಚೆ ಅರ್ಧ ಗಂಟೆ ಚಂದವೇ. ಆದ್ರೆ ಇಲ್ಲಿ ಹೇಳ್ಲಿಕ್ಕೆ ಹೊರಟದ್ದು ಅದ್ರ ಬಗ್ಗೆ ಅಲ್ಲ. ಒಂದು ಸಣ್ಣ ಹಾಲ್‌ನಲ್ಲಿ ನಾಲ್ಕೈದು ಜನ ಕೂತು, ಒಬ್ಬರದ್ದು ಯುರೋಪಿನ ಶಾಸ್ತ್ರೀಯ ಸಂಗೀತ, ಇನ್ನೊಬ್ಬರದ್ದು ಕರ್ನಾಟಕ ಸಂಗೀತ, ಮತ್ತೊಬ್ಬರದ್ದು ಇರಾನ್‌ದೋ ಚೀನಾದ್ದೋ, ಹೀಗೆ ಒಟ್ಟು ಸೇರಿ ಬಾರಿಸುವ ಚೇಂಬರ್ ಗ್ರೂಪ್‌ಗಳು ಉಂಟಲ್ಲ, ಅವು ಒಳಗಿಂದ ಹೇಗೆ ಕೆಲಸ ಮಾಡ್ತವೆ ಅನ್ನೋದು ನನ್ನ ವಿಷಯ. ಹೊರಗಿಂದ ನೋಡ್ಲಿಕ್ಕೆ ಎಲ್ರೂ ನಗಾಡ್ತಾ ತಲೆ ಆಡಿಸ್ತಾ ಇರ್ತಾರೆ, ಒಳಗೆ ಭಾರೀ ಚೌಕಾಸಿ ನಡೀತಾ ಇರ್ತದೆ.

ಮೊದ್ಲು ಚೇಂಬರ್ ಮ್ಯೂಸಿಕ್ ಅಂದ್ರೆ ಎಂತದು ಅಂತ ನೋಡಿಬಿಡುವ. ಸಣ್ಣ ಗುಂಪು, ಇಬ್ಬರಿಂದ ಹಿಡಿದು ಎಂಟೊಂಬತ್ತು ಜನರವರೆಗೆ. ಆರ್ಕೆಸ್ಟ್ರಾದಲ್ಲಿ ಒಂದೇ ಸಾಲನ್ನು ಹತ್ತು ಹದಿನೈದು ವಯಲಿನ್‌ನವರು ಒಟ್ಟಿಗೆ ಬಾರಿಸ್ತಾರೆ, ಒಬ್ಬ ತಪ್ಪಿದ್ರೂ ಗೊತ್ತಾಗುದಿಲ್ಲ, ಮುಂದೆ ಕೋಲು ಹಿಡಿದ ಕಂಡಕ್ಟರ್ ಬೇರೆ ಇರ್ತಾರೆ. ಚೇಂಬರ್‌ನಲ್ಲಿ ಒಬ್ಬೊಬ್ರಿಗೆ ಒಂದೊಂದು ಸಾಲು, ಅದನ್ನು ಅವರು ಬಿಟ್ರೆ ಬೇರೆ ಯಾರೂ ಬಾರಿಸುದಿಲ್ಲ, ಕಂಡಕ್ಟರೂ ಇಲ್ಲ, ಕಣ್ಣಲ್ಲಿ ಉಸಿರಲ್ಲಿ ಸನ್ನೆ ಮಾಡ್ಕೊಂಡು ಹೋಗ್ಬೇಕು. ಎರಡು ವಯಲಿನ್, ಅದಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ವಿಯೋಲಾ, ಕಾಲಿನ ನಡುವೆ ಇಟ್ಟು ಬಾರಿಸುವ ದಪ್ಪ ದನಿಯ ಒಂದು ಚೆಲ್ಲೋ ಸೇರಿದ ಸ್ಟ್ರಿಂಗ್ ಕ್ವಾರ್ಟೆಟ್ ಇದ್ರಲ್ಲಿ ಎಲ್ಲಕ್ಕಿಂತ ಫೇಮಸ್. ಈಗ ನಮ್ಮ ಕಛೇರಿ ನೆನಪು ಮಾಡ್ಕೊಳ್ಳಿ: ಹಾಡುವವರು, ಪಿಟೀಲು, ಮೃದಂಗ, ಘಟ ಅಥವಾ ಖಂಜಿರ. ಇದೂ ಅದೇ ತಾನೆ? ಒಬ್ಬೊಬ್ರಿಗೆ ಒಂದೊಂದು ಕೆಲಸ, ಕಂಡಕ್ಟರ್ ಇಲ್ಲ, ಕಣ್ಣಲ್ಲೇ ಮಾತುಕತೆ. ಅದಕ್ಕೇ ಎರಡೂ ಕಡೆಯವರು ಒಂದೇ ಜಮಖಾನದ ಮೇಲೆ ಕೂತ್ರೆ ಮನೋಧರ್ಮ ಬೇಗ ಹೊಂದ್ತದೆ. ಹೊಂದದೆ ಇರುದು ಸ್ವರ ಮತ್ತು ಲೆಕ್ಕ.

ಇದು ಹೊಸ ಫ್ಯಾಷನ್ ಅಂತ ಅಂದ್ಕೊಂಡವರಿಗೆ ಒಂದು ಮಾತು. ಪಾಶ್ಚಾತ್ಯ ವಯಲಿನ್ ವಾದಕ ಯೆಹೂದಿ ಮೆನುಹಿನ್ ಮತ್ತು ಪಂಡಿತ್ ರವಿಶಂಕರ್ ಸೇರಿ ಮಾಡಿದ ಆಲ್ಬಂಗೆ 1968ರಲ್ಲಿ ಗ್ರ್ಯಾಮಿ ಬಂತು, ಅದೂ ಯಾವುದೋ ವಿದೇಶಿ ಸಂಗೀತ ಅನ್ನುವ ಪೆಟ್ಟಿಗೆಯಲ್ಲಿ ಅಲ್ಲ, ಸೀದಾ ಚೇಂಬರ್ ಮ್ಯೂಸಿಕ್ ವಿಭಾಗದಲ್ಲಿ. 1970ರ ದಶಕದ ನಡುವಿಗೆ ಗಿಟಾರಿನ ಜಾನ್ ಮೆಕ್‌ಲಾಫ್ಲಿನ್, ವಯಲಿನ್‌ನ ಎಲ್. ಶಂಕರ್, ಜಾಕಿರ್ ಹುಸೇನ್, ಘಟಂ ವಿನಾಯಕರಾಂ ಸೇರಿ ಶಕ್ತಿ ಅಂತ ಗುಂಪು ಕಟ್ಟಿದ್ರು, ಎಲ್ರೂ ನೆಲದ ಮೇಲೆ ಕೂತು, ಕರೆಂಟಿನ ಗದ್ದಲ ಇಲ್ಲದೆ. ಕ್ರೋನೋಸ್ ಕ್ವಾರ್ಟೆಟ್ 1973ರಲ್ಲಿ ಶುರುವಾದದ್ದು, ನಾಲ್ಕೇ ವಾದ್ಯ ಇಟ್ಕೊಂಡು ಆಫ್ರಿಕಾದಿಂದ ಹಿಡಿದು ಆಶಾ ಭೋಸ್ಲೆಯವರ ಜೊತೆಗೆ ಆರ್.ಡಿ. ಬರ್ಮನ್ ಹಾಡುಗಳವರೆಗೆ ಹೋಗಿಬಂತು. ಚೆಲ್ಲೋ ವಾದಕ ಯೋ-ಯೋ ಮಾ 1998ರಲ್ಲಿ ಶುರು ಮಾಡಿದ ಸಿಲ್ಕ್‌ರೋಡ್ ಅಂತೂ ಒಂದು ದೊಡ್ಡ ಕುಟುಂಬವೇ ಆಯ್ತು, ಚೀನಾದ ಮೀಟುವ ತಂತಿವಾದ್ಯ ಪಿಪಾ, ಇರಾನಿನ ಕಮಾನು ಹಾಕಿ ನುಡಿಸುವ ಕಮಾಂಚೆ, ನಮ್ಮ ಸಂದೀಪ್ ದಾಸ್ ಅವರ ತಬಲಾ ಎಲ್ಲ ಒಟ್ಟಿಗೆ.

ಈಗ ಚೌಕಾಸಿಗೆ ಬರುವ. ಮೊದಲನೇ ಜಗಳ ಶ್ರುತಿದ್ದು.

ಷಡ್ಜವನ್ನು, ಅಂದ್ರೆ ಸ ಸ್ವರವನ್ನು, 240 ಹರ್ಟ್ಜ್ (ಸೆಕೆಂಡಿಗೆ 240 ಕಂಪನ) ಅಂತ ಇಟ್ಕೊಳ್ಳಿ, ಲೆಕ್ಕಕ್ಕೆ ಸುಲಭ ಆಗ್ತದೆ. ತಂಬೂರಿ ಮೀಟಿದಾಗ ಆ ತಂತಿಯಿಂದ 240 ಮಾತ್ರ ಬರುದಲ್ಲ, ಅದ್ರ ಎರಡು ಪಾಲು, ಮೂರು ಪಾಲು, ನಾಲ್ಕು, ಐದು ಪಾಲು ಎಲ್ಲ ಸಣ್ಣಕ್ಕೆ ಒಟ್ಟಿಗೇ ಕೇಳ್ತವೆ. ಆ ಐದನೇದು 1200. ಹಾಡುವವರು ಅಂತರ ಗಾಂಧಾರಕ್ಕೆ (ಮೇಲಿನ ಗ) ನಿಂತಾಗ ಕಿವಿ ತಂಬೂರಿಯ ಆ ಸಣ್ಣ ಧ್ವನಿಯನ್ನೇ ಹುಡುಕಿ ಅದಕ್ಕೆ ಕೂಡಿಸ್ತದೆ, ಹಾಗಾಗಿ ಗಾಂಧಾರ 300 ಹರ್ಟ್ಜ್‌ಗೆ ಬಂದು ಕೂರ್ತದೆ, ಯಾಕಂದ್ರೆ 300ರ ನಾಲ್ಕು ಪಾಲೂ 1200. ಎರಡೂ ಒಂದರ ಮೇಲೆ ಒಂದು ಕೂತಾಗ ಸ್ವರ ಕರಗಿ ಹೋದ ಹಾಗೆ ಆಗ್ತದಲ್ಲ, ಅದು ಇದು. ಈಗ ಪಿಯಾನೋ ಅಥವಾ ಕೀಬೋರ್ಡ್ ತಗೊಳ್ಳಿ. ಅದ್ರಲ್ಲಿ ಒಂದು ಸ್ಥಾಯಿಯನ್ನು 12 ಸಮ ಪಾಲು ಮಾಡಿ ಇಟ್ಟಿದ್ದಾರೆ, ಯಾವ ಮನೆಯಿಂದ ಶುರು ಮಾಡಿದ್ರೂ ಒಂದೇ ರೀತಿ ಕೇಳ್ಲಿ ಅಂತ. ಆ ಲೆಕ್ಕದಲ್ಲಿ ಅದೇ ಗಾಂಧಾರ ಸುಮಾರು 302.4ಕ್ಕೆ ಬರ್ತದೆ. ಎರಡೂವರೆ ಹರ್ಟ್ಜ್ ಎಂತ ಮಹಾ ಅಂತ ಕೇಳ್ಬಹುದು, ಆದ್ರೆ ಅದ್ರ ನಾಲ್ಕು ಪಾಲು 1209 ಚಿಲ್ರೆ, ತಂಬೂರಿಯದ್ದು 1200, ಎರಡೂ ತಾಗಿ ಸೆಕೆಂಡಿಗೆ ಒಂಬತ್ತು ಹತ್ತು ಸಲ ಗರಗರ ಅಂತ ಅಲುಗ್ತದೆ. ಪಂಚಮದಲ್ಲಿ ಈ ತೊಂದ್ರೆ ಇಲ್ಲ, 360 ಮತ್ತು 359.6, ಯಾರಿಗೂ ಗೊತ್ತಾಗುದಿಲ್ಲ. ಗಾಂಧಾರ, ಧೈವತ, ನಿಷಾದಗಳಲ್ಲೇ ಎಲ್ಲ ಸಮಸ್ಯೆ.

ಇದ್ರಿಂದ ಒಂದು ವಿಷಯ ತಕ್ಷಣ ಅರ್ಥ ಆಗ್ತದೆ: ಇಂಥ ಗುಂಪುಗಳಲ್ಲಿ ಪಿಯಾನೋಕ್ಕಿಂತ ಹೆಚ್ಚು ವಯಲಿನ್, ಚೆಲ್ಲೋಗಳೇ ಎಂತಕ್ಕೆ ಅಂತ. ಅವಕ್ಕೆ ಫ್ರೆಟ್ ಅನ್ನುವ ಮೆಟ್ಟಿಲುಗಳೇ ಇಲ್ಲ, ಬೆರಳನ್ನು ಕೂದಲೆಳೆಯಷ್ಟು ಹಿಂದೆ ಇಟ್ರೆ ಆಯ್ತು, 302 ಹೋಗಿ 300 ಆಗ್ತದೆ. ಗಿಟಾರಿಗೆ ಮೆಟ್ಟಿಲು ಉಂಟು, ಅದಕ್ಕೇ ಮೆಕ್‌ಲಾಫ್ಲಿನ್ ಶಕ್ತಿಗೋಸ್ಕರ ಬೇರೆಯೇ ಗಿಟಾರ್ ಮಾಡಿಸ್ಕೊಂಡ್ರು, ಮೆಟ್ಟಿಲುಗಳ ನಡುವಿನ ಮರವನ್ನು ಗುಳಿ ಬೀಳುವ ಹಾಗೆ ಕೆತ್ತಿಸಿ, ತಂತಿಯನ್ನು ಒತ್ತಿ ಎಳೆದು ಗಮಕ, ಅಂದ್ರೆ ಸ್ವರದ ತೂಗಾಟ, ತರ್ಲಿಕ್ಕೆ ಆಗುವ ಹಾಗೆ, ಮತ್ತೆ ಶ್ರುತಿಗೆ ಅಂತ ಅಡ್ಡಕ್ಕೆ ಏಳು ತಂತಿ ಬೇರೆ. ಹಾರ್ಮೋನಿಯಂಗೆ ಈ ಅವಕಾಶವೇ ಇಲ್ಲ. 1940ರಲ್ಲಿ ರೇಡಿಯೋದವರು ಅದನ್ನು ಬ್ಯಾನ್ ಮಾಡಿ ದಶಕಗಟ್ಟಲೆ ಹೊರಗೆ ಇಟ್ಟದ್ದಕ್ಕೆ ಮುಖ್ಯ ಕಾರಣವೂ ಇದೇ, ಸ್ವರ ಅಲ್ಲಾಡುದಿಲ್ಲ ಅಂತ. ನಮ್ಮ ಭಜನಾ ಮಂದಿರಗಳು ಅದಕ್ಕೆಲ್ಲ ತಲೆ ಕೆಡಿಸ್ಕೊಳ್ಲಿಲ್ಲ ಅನ್ನಿ, ಶುಕ್ರವಾರ ಶನಿವಾರ ಹಾರ್ಮೋನಿಯಂ ಇಲ್ಲದೆ ಭಜನೆ ಉಂಟಾ?

ಇರಾನಿನ ಕಮಾಂಚೆ ಬಂದ್ರೆ ಇನ್ನೂ ಮಜಾ. ಅವರ ಸಂಗೀತದಲ್ಲಿ ಕೆಳಗಿನ ಸಾಧಾರಣ ಗಾಂಧಾರಕ್ಕೂ ಮೇಲಿನ ಅಂತರ ಗಾಂಧಾರಕ್ಕೂ ಹೆಚ್ಚುಕಮ್ಮಿ ಮಧ್ಯದಲ್ಲಿ ಒಂದು ಸ್ವರ ಉಂಟು, ಅಲ್ಲಿ ಗಟ್ಟಿಯಾಗಿ ನಿಲ್ತಾರೆ. ನಮ್ಮ ಕಿವಿಗೆ ಮೊದಲ ಸಲ ಅಪಸ್ವರ ಅನ್ನಿಸ್ತದೆ, ನಾಲ್ಕೈದು ನಿಮಿಷ ಕೇಳಿದ್ಮೇಲೆ ಅದ್ರ ದುಃಖ ಹಿಡೀತದೆ. ಪಕ್ಕದಲ್ಲಿ ಚೆಲ್ಲೋ ಇದ್ದವರು ಆಗ ಗಾಂಧಾರವನ್ನೇ ಮುಟ್ಟದೆ ಬರೀ ಸ, ಪ ಹಿಡ್ಕೊಂಡು ಕೂರುದೇ ಮರ್ಯಾದೆ.

ಷಡ್ಜ ಯಾವ ಮನೆಯಲ್ಲಿ ಅನ್ನೋದೂ ದೊಡ್ಡ ಪ್ರಶ್ನೆ. ನಮ್ಮ ಗಾಯಕರು ಕಪ್ಪು ಒಂದು (ಹಾರ್ಮೋನಿಯಂನ ಮೊದಲ ಕಪ್ಪು ಮನೆ, ಸಿ ಶಾರ್ಪ್) ಅಂತ ಆರಾಮಾಗಿ ಹೇಳಿಬಿಡ್ತಾರೆ, ಪಿಟೀಲಿನವರು ಬಿರಡೆ ತಿರುಗಿಸಿ ಅದಕ್ಕೆ ಕೂಡಿಸ್ಕೊಳ್ತಾರೆ, ನಾಲ್ಕು ತಂತಿಯೂ ಸ ಪ ಸ ಪ. ಪಾಶ್ಚಾತ್ಯ ವಯಲಿನ್‌ನವರು ತಂತಿ ಮುಟ್ಟುದಿಲ್ಲ, ಅವರ ತಂತಿಗಳು ಜಿ, ಡಿ, ಎ, ಇ, ಕಪ್ಪು ಒಂದರಲ್ಲಿ ಬಾರಿಸಿ ಅಂದ್ರೆ ಒಂದು ತಂತಿಯೂ ಖಾಲಿ ಬಿಟ್ಟು ಬಾರಿಸ್ಲಿಕ್ಕೆ ಸಿಗುದಿಲ್ಲ, ಧ್ವನಿ ಉಸಿರುಕಟ್ಟಿದ ಹಾಗೆ ಬರ್ತದೆ. ಕಪ್ಪು ಒಂದರಿಂದ ಅರ್ಧ ಮನೆ ಮೇಲೆ ಹೋಗಿ ಡಿ ಇಟ್ಕೊಂಡ್ರೆ ಡಿ ಷಡ್ಜ, ಎ ಪಂಚಮ, ಜಿ ಶುದ್ಧ ಮಧ್ಯಮ, ಮೂರು ತಂತಿ ತಾವಾಗೇ ಮಿಡೀತವೆ. ಇಲ್ಲಿ ಬಗ್ಗುವುದು ಗಾಯಕರು, ಅರ್ಧ ಮನೆ ಅಷ್ಟೆ, ಅದಕ್ಕೂ ಎಷ್ಟು ಮುನಿಸು ಅಂತೀರಿ.

ಎರಡನೇ ಜಗಳ ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು, ಮತ್ತು ಹೆಚ್ಚಿನ ಫ್ಯೂಷನ್ ಇಲ್ಲೇ ಮಕಾಡೆ ಮಲಗುದು: ಕಾರ್ಡ್ ಹಾಕುದು. ಪಾಶ್ಚಾತ್ಯ ಸಂಗೀತದಲ್ಲಿ ಮೂರು ನಾಲ್ಕು ಸ್ವರ ಒಟ್ಟಿಗೆ ಬಾರಿಸಿ, ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹೋಗ್ತಾ ಕಥೆ ಹೇಳ್ತಾರೆ. ನೆಲವೇ ಸರಿದು ಹೋಗ್ಬೇಕು, ಮನೆ ಬಿಟ್ಟು ಹೋಗಿ ತಿರುಗಿ ಬಂದ ಸುಖ ಬೇಕು. ನಮ್ಮಲ್ಲಿ ನೆಲ ಅಲುಗಾಡುದೇ ಇಲ್ಲ. ಷಡ್ಜ ಒಂದೇ, ಶುರುವಿನಿಂದ ಮಂಗಳದವರೆಗೆ, ಅದ್ರ ಎದುರು ಪ್ರತಿ ಸ್ವರ ಎಷ್ಟು ದೂರ ಅನ್ನೋದ್ರಲ್ಲೇ ರಾಗದ ಜೀವ. ಎರಡನ್ನೂ ಒಟ್ಟಿಗೆ ಇಟ್ರೆ ಎಂತ ಆಗ್ತದೆ ಅಂತ ಮೋಹನದಲ್ಲಿ ನೋಡುವ, ಐದೇ ಸ್ವರ, ಎಲ್ರಿಗೂ ಗೊತ್ತಿರುವ ರಾಗ. ಹಾಡುವವರು ಮೋಹನ ಹಾಡ್ತಾ ಇದ್ದಾರೆ, ಚೆಲ್ಲೋದವರು ಕೆಳಗೆ ಷಡ್ಜ ಹಿಡಿದಿದ್ದಾರೆ, ಚಂದ ಉಂಟು. ಈಗ ಅವರು ಬದಲಾವಣೆಗೆ ಅಂತ ರಿಷಭಕ್ಕೆ ಹೋಗಿ ಅಲ್ಲೇ ಉದ್ದಕ್ಕೆ ಎಳೆದ್ರು ಅಂತ ಇಟ್ಕೊಳ್ಳಿ. ಹಾಡುವವರು ಒಂದು ಸ್ವರವನ್ನೂ ಬದಲಾಯಿಸ್ಲಿಲ್ಲ, ಆದ್ರೆ ಕೇಳುವವರ ಕಿವಿ ಆ ದಪ್ಪ ಧ್ವನಿಯನ್ನೇ ಷಡ್ಜ ಅಂತ ನಂಬ್ತದೆ, ಮೋಹನ ಹೋಗಿ ಮಧ್ಯಮಾವತಿ ಕೇಳ್ಲಿಕ್ಕೆ ಶುರುವಾಗ್ತದೆ. ಗಾಂಧಾರಕ್ಕೆ ಹೋದ್ರೆ ಹಿಂದೋಳ. ಪಂಚಮಕ್ಕೆ ಹೋದ್ರೆ ಶುದ್ಧ ಸಾವೇರಿ. ಕಛೇರಿಯಲ್ಲಿ ದೊಡ್ಡ ವಿದ್ವಾಂಸರು ಗ್ರಹಭೇದ ಅಂತ ಬೇಕೂಂತ ಮಾಡಿ ತೋರಿಸ್ತಾರಲ್ಲ, ಅದೇ ವಿದ್ಯೆ, ಆದ್ರೆ ಇಲ್ಲಿ ಹಾಡುವವರ ಒಪ್ಪಿಗೆ ಇಲ್ಲದೆ ಕಾಲಡಿಯ ಹಲಗೆ ಎಳೆದ ಹಾಗೆ ಆಯ್ತು. ಸಿನಿಮಾ ಸಂಗೀತದಲ್ಲಿ ಇದು ನಡೀತದೆ, ಅಲ್ಲಿ ಹಾಡು ಐದು ನಿಮಿಷಕ್ಕೆ ಮುಗೀತದೆ. ರಾಗ ಆಲಾಪನೆಯಲ್ಲಿ ನಡೆಯುದಿಲ್ಲ.

ಒಳ್ಳೆ ಗುಂಪುಗಳು ಇದಕ್ಕೆ ಬೇರೆ ಬೇರೆ ಉಪಾಯ ಮಾಡಿವೆ. ಚೆಲ್ಲೋ ಕಾರ್ಡ್ ಬಿಟ್ಟು ತಂಬೂರಿಯ ಕೆಲಸ ಮಾಡುದು ಒಂದು. ಕಾರ್ಡಿನ ಬದಲು ಎರಡನೇ ಸಾಲು ಹಾಕುದು ಇನ್ನೊಂದು, ಅಂದ್ರೆ ಮೇಲಿನವರು ಪ ಧ ಸ ಅಂತ ಹೋಗುವಾಗ ಕೆಳಗಿನವರು ರಾಗದ್ದೇ ಸ್ವರಗಳಲ್ಲಿ ಬೇರೆ ದಾರಿಯಲ್ಲಿ ಬಂದು ಒಂದೇ ಕಡೆ ಸೇರುದು. ಒಂದು ಸಣ್ಣ ಸ್ವರಗುಚ್ಛವನ್ನು ಕೆಳಗೆ ಸುಮ್ನೆ ತಿರುಗಿಸ್ತಾ ಇರುದೂ ಉಂಟು. ಪಂಡಿತ್ ಪ್ರಾಣನಾಥರ ಹತ್ರ ಕಲಿತ ಅಮೆರಿಕದ ಟೆರ್ರಿ ರೈಲಿ ಕ್ರೋನೋಸ್‌ಗೆ ಬರೆದದ್ದನ್ನು ಕೇಳಿದ್ರೆ ಆ ತಿರುಗಾಟದ ರುಚಿ ಗೊತ್ತಾಗ್ತದೆ. ನಮ್ಮೂರಲ್ಲಿ ಇದನ್ನು ಅರ್ಥ ಮಾಡ್ಕೊಳ್ಲಿಕ್ಕೆ ಕಷ್ಟ ಇಲ್ಲ ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ಭಾನುವಾರ ಬೆಳಿಗ್ಗೆ ಚರ್ಚಿನ ಕ್ವಾಯರ್‌ನಲ್ಲಿ ಕೊಂಕಣಿ ಹಾಡು ನಾಲ್ಕು ಧ್ವನಿಯಲ್ಲಿ ಕೇಳಿ, ಅದೇ ಸಂಜೆ ದೇವಸ್ಥಾನದಲ್ಲಿ ಕೃತಿ ಕೇಳಿದ ಕಿವಿಗಳು ಇಲ್ಲಿ ಎಷ್ಟೋ ಉಂಟು. ನೆಲ ಸರಿಯುದು ಹೇಗೆ, ಸರಿಯದೆ ಇರುದು ಹೇಗೆ ಅಂತ ಎರಡೂ ಅವರಿಗೆ ಗೊತ್ತು.

ಗಮಕದ ವಿಷಯ. ಶಂಕರಾಭರಣ ಮತ್ತು ಪಾಶ್ಚಾತ್ಯರ ಮೇಜರ್ ಸ್ಕೇಲ್ ಪಟ್ಟಿ ಮಾಡಿದ್ರೆ ಒಂದೇ ಏಳು ಸ್ವರ. ಹಾಡಿದ್ರೆ ಒಂದೇ ಅಲ್ಲ, ನಮ್ಮ ಮಧ್ಯಮ, ನಿಷಾದ ನಿಂತಲ್ಲಿ ನಿಲ್ಲುದಿಲ್ಲ. ತೋಡಿಯ ಗಾಂಧಾರವಂತೂ ರಿಷಭಕ್ಕೂ ಮಧ್ಯಮಕ್ಕೂ ನಡುವೆ ತೂಗಾಡ್ತಾ ಇರುದೇ ಅದ್ರ ರೂಪ. ಪಾಶ್ಚಾತ್ಯ ಸ್ಟಾಫ್ ನೊಟೇಷನ್‌ನಲ್ಲಿ ಅದನ್ನು ಬರೀಲಿಕ್ಕೆ ಹೋದ್ರೆ ಒಂದೋ ಒಂದು ಚುಕ್ಕಿ ಇಟ್ಟು ಮೇಲೆ ಗೆರೆ ಎಳೀಬೇಕು, ಇಲ್ಲಾಂದ್ರೆ ಪ್ರತಿ ಅಲುಗಾಟವನ್ನೂ ಬರೆದು ಪುಟ ಇಡೀ ಇರುವೆ ಬಿಟ್ಟ ಹಾಗೆ ಮಾಡ್ಬೇಕು. ಎರಡರಲ್ಲೂ ಸರಿ ಬರುದಿಲ್ಲ, ಕೊನೆಗೆ ಪಕ್ಕದಲ್ಲಿ ಕೂತು ಬಾಯಲ್ಲಿ ಹೇಳಿಸ್ಕೊಂಡೇ ಕಲೀಬೇಕು. ಮುತ್ತುಸ್ವಾಮಿ ದೀಕ್ಷಿತರು ಇದನ್ನು ಇನ್ನೊಂದು ದಿಕ್ಕಿನಿಂದ ನೋಡಿದ್ರು: ಈಸ್ಟ್ ಇಂಡಿಯಾ ಕಂಪನಿ ಕಾಲದ ಬ್ಯಾಂಡುಗಳ ಧಾಟಿಗೆ ಸಂಸ್ಕೃತ ಸಾಹಿತ್ಯ ಕಟ್ಟಿ ನೊಟ್ಟುಸ್ವರ ಮಾಡಿದ್ರು, ಬ್ರಿಟಿಷರ ರಾಷ್ಟ್ರಗೀತೆಯ ಧಾಟಿಯೂ ಅದ್ರಲ್ಲಿ ಉಂಟು, ಗಮಕ ಇಲ್ಲದೆ ಸಪಾಟಾಗಿ ಹಾಡ್ಬೇಕು. ಅಂದ್ರೆ ಅಲ್ಲಿ ಬಗ್ಗಿದ್ದು ನಮ್ಮ ಕಡೆ. ಅದೇ ಮನೆಯಲ್ಲಿ ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಯುರೋಪಿಯನ್ ಪಿಟೀಲು ಕಲಿತು ನಮ್ಮ ಸಂಗೀತಕ್ಕೆ ತಂದ್ರು, ಅಲ್ಲಿ ಬಗ್ಗಿದ್ದು ವಾದ್ಯ. ಕೂತು, ತಲೆಯ ಕಡೆಯನ್ನು ಪಾದದ ಗಂಟಿಗೆ ಆನಿಸಿ, ಇನ್ನೊಂದು ತುದಿ ಎದೆಗೆ. ಎಡಗೈ ಮೇಲೆ ಭಾರವೇ ಇಲ್ಲ, ಉದ್ದಕ್ಕೆ ಜಾರ್ಲಿಕ್ಕೆ ಪೂರ್ತಿ ಸ್ವತಂತ್ರ. ಇನ್ನೂರು ವರ್ಷ ಆದ್ಮೇಲೆ ಅದನ್ನು ಯಾರಾದ್ರೂ ವಿದೇಶಿ ವಾದ್ಯ ಅಂತಾರಾ?

ನಮ್ಮ ಕದ್ರಿ ಗೋಪಾಲನಾಥರು ಮಾಡಿದ್ದು ಇದಕ್ಕಿಂತ ಕಷ್ಟದ್ದು. ಬಂಟ್ವಾಳ ತಾಲೂಕಿನ ಸಜಿಪದಲ್ಲಿ 1949ರಲ್ಲಿ ಹುಟ್ಟಿದವರು, ಅಪ್ಪ ನಾಗಸ್ವರ ವಿದ್ವಾಂಸರು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ನೋಡಿ ಅದನ್ನೇ ಹಿಡೀಬೇಕು ಅಂತ ಹೊರಟ್ರು. ಪಿಟೀಲಿಗಾದ್ರೆ ಮೆಟ್ಟಿಲಿಲ್ಲ, ಸ್ಯಾಕ್ಸಿಗೆ ಮೈತುಂಬ ಕೀಲಿ, ಒಂದೊಂದು ಕೀಲಿಗೆ ಒಂದೊಂದು ಸ್ವರ, ನಡುವೆ ಜಾರ್ಲಿಕ್ಕೆ ದಾರಿಯೇ ಇಲ್ಲದ ಹಾಗೆ ಮಾಡಿದ ವಾದ್ಯ. ಅದ್ರಲ್ಲಿ ತುಟಿಯ ಬಿಗಿ, ಉಸಿರಿನ ಒತ್ತಡ, ಕೀಲಿಯನ್ನು ಅರ್ಧ ಬಿಡುವ ಹದ ಇಷ್ಟರಲ್ಲೇ ಗಮಕ ತರ್ಬೇಕು. ತಂದ್ರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿಯ ಸಂಗೀತೋತ್ಸವವಾದ ಪ್ರಾಮ್ಸ್‌ಗೆ ಹೋಗಿ ನುಡಿಸಿಯೂ ಬಂದ್ರು. ಅಮೆರಿಕದ ಜಾಜ್ ಸ್ಯಾಕ್ಸ್ ವಾದಕ ರುದ್ರೇಶ್ ಮಹಾಂತಪ್ಪ ಅವರ ಜೊತೆ 2008ರಲ್ಲಿ ಬಂದ ಆಲ್ಬಂ ಹುಡುಕಿ ಕೇಳಿ, ಎರಡೂ ಆಲ್ಟೋ ಸ್ಯಾಕ್ಸೇ, ಆದ್ರೆ ಕಣ್ಣು ಮುಚ್ಚಿ ಕೂತ್ರೂ ಯಾವುದು ಯಾರದ್ದು ಅಂತ ಒಂದು ಸಾಲಿನಲ್ಲೇ ತಿಳೀತದೆ. ಇವತ್ತು ನಮ್ಮ ಕಡೆ ಮದುವೆಗೆ, ದೇವಸ್ಥಾನದ ಬಲಿಗೆ ಸ್ಯಾಕ್ಸೋಫೋನ್ ಬಂದ್ರೆ ಯಾರೂ ತಿರುಗಿ ನೋಡುದಿಲ್ಲ, ಅದು ನಮ್ಮದೇ ಆಗಿಹೋಗಿದೆ. ಕಾರಂತಜ್ಜ ಕೂಡ ತಮ್ಮ ಯಕ್ಷರಂಗದ ಪ್ರಯೋಗಗಳಲ್ಲಿ ಹಿಮ್ಮೇಳಕ್ಕೆ ವಯಲಿನ್, ಸ್ಯಾಕ್ಸೋಫೋನ್ ಸೇರಿಸಿದ್ದರು, ಸರಿಯಾ ತಪ್ಪಾ ಅಂತ ಯಕ್ಷಗಾನದವರನ್ನು ಕೇಳಿ ನೋಡಿ, ಚಾ ತಣ್ಣಗಾಗುವವರೆಗೆ ಮಾತು ನಿಲ್ಲುದಿಲ್ಲ.

ತಾಳದಲ್ಲಿ ಜಗಳ ಕಮ್ಮಿ, ಲೆಕ್ಕ ಜಾಸ್ತಿ. ಆದಿತಾಳದ ಎಂಟು ಅಕ್ಷರ ಅಂದ್ರೆ ಪಾಶ್ಚಾತ್ಯರ ನಾಲ್ಕು ನಾಲ್ಕರ ಎರಡು ಬಾರ್, ಅಲ್ಲಿಗೆ ಇಬ್ರೂ ಖುಷಿ. ಒಂದು ಅಕ್ಷರಕ್ಕೆ ನಾಲ್ಕು ಮಾತ್ರೆ ಅಂದ್ರೆ ಒಟ್ಟು 32. ಈಗ ಮೃದಂಗದವರು ಒಂದು ತೀರ್ಮಾನ, ಅಂದ್ರೆ ಮುಕ್ತಾಯದ ಲೆಕ್ಕ, ಹಾಕ್ತಾರೆ, 10 ಮಾತ್ರೆಯ ಒಂದು ಮಾತು ಮೂರು ಸಲ, ನಡುವೆ ಒಂದೊಂದು ಮಾತ್ರೆ ಬಿಡುವು: ಹತ್ತು, ಒಂದು, ಹತ್ತು, ಒಂದು, ಹತ್ತು, ಸರಿಯಾಗಿ 32, ಮುಂದಿನ ಪೆಟ್ಟು ಸಮಕ್ಕೆ, ತಾಳ ಶುರುವಾಗುವ ಜಾಗಕ್ಕೆ. ಮೃದಂಗದವರಿಗೆ ಇದು ಒಂದೇ ಉಸಿರಿನ ವಾಕ್ಯ. ಅದೇ ಚೆಲ್ಲೋದವರ ಕಾಗದದಲ್ಲಿ ಹೇಗೆ ಕಾಣ್ತದೆ ನೋಡಿ: ಮೊದಲ ಸಲ 1ನೇ ಮಾತ್ರೆಯಲ್ಲಿ ಶುರು, ಎರಡನೇ ಸಲ 12ರಲ್ಲಿ, ಅಂದ್ರೆ ಮೂರನೇ ಅಕ್ಷರದ ಕೊನೇ ತುದಿಯಲ್ಲಿ, ಮೂರನೇ ಸಲ 23ರಲ್ಲಿ, ಎರಡನೇ ಬಾರ್‌ನ ಎರಡನೇ ಅಕ್ಷರದ ಹೊಟ್ಟೆಯೊಳಗೆ. ಒಂದೇ ಮಾತು ಮೂರು ಸಲವೂ ಬೇರೆ ಬೇರೆ ಮುಖ ಹಾಕ್ಕೊಂಡು ಬರ್ತದೆ, ಓದ್ಲಿಕ್ಕೆ ಹೋದವರು ಕಂಗಾಲು. ಅದಕ್ಕೇ ಅನುಭವ ಇದ್ದ ಗುಂಪಿನವರು ಮೊದಲು ಕಾಗದ ಮಡಚಿ ಇಟ್ಟು ಎಲ್ರೂ ಕೈಯಲ್ಲಿ ತಾಳ ಹಾಕಿ ಬಾಯಲ್ಲಿ ಹೇಳ್ತಾರೆ, ಆಮೇಲೆ ವಾದ್ಯ ಮುಟ್ತಾರೆ. ಇದಕ್ಕೆ ಉಲ್ಟಾ ಕಷ್ಟವೂ ಉಂಟು: ಪಾಶ್ಚಾತ್ಯ ಚೇಂಬರ್‌ನವರು ಒಂದು ಸಾಲಿನ ಕೊನೆಗೆ ಚೂರು ನಿಧಾನ ಮಾಡಿ ಉಸಿರು ಬಿಟ್ಟು ಮುಂದೆ ಹೋಗ್ತಾರೆ, ನಮ್ಮ ಮೃದಂಗದವರಿಗೆ ಅದು ಕಾಲಪ್ರಮಾಣ ಬಿಟ್ಟ ಹಾಗೆ, ಕೈ ಅಲ್ಲೇ ನಿಂತು ಮುಖ ನೋಡ್ತದೆ.

ಮನೋಧರ್ಮಕ್ಕೆ, ಅಂದ್ರೆ ಆ ಹೊತ್ತಿಗೆ ಹೊಳೆದದ್ದನ್ನು ನುಡಿಸುದಕ್ಕೆ, ಎಷ್ಟು ಜಾಗ, ಬರೆದದ್ದಕ್ಕೆ ಎಷ್ಟು ಅನ್ನೋದನ್ನು ಪ್ರತಿ ಗುಂಪು ತನಗೆ ಬೇಕಾದ ಹಾಗೆ ಮಾಡ್ಕೊಳ್ತದೆ. ಸಾಮಾನ್ಯವಾಗಿ ಶುರು ಮತ್ತು ಕೊನೆ ಬರೆದಿರ್ತಾರೆ, ನಡುವೆ ಬಾಗಿಲು ತೆರೆದಿಡ್ತಾರೆ.

ಕೊನೆಗೆ ಸದ್ದಿನ ವಿಷಯ. ಚೆಂಡೆ ಬಯಲಾಟಕ್ಕೆ ಹುಟ್ಟಿದ್ದು, ಮೈಕ್ ಇಲ್ಲದ ಕಾಲದಲ್ಲೂ ಆಚೆ ಗುಡ್ಡೆಗೆ ಕೇಳ್ಬೇಕಿತ್ತು. ಚೆಲ್ಲೋ ಕೋಣೆಗೆ ಹುಟ್ಟಿದ್ದು. ಎರಡನ್ನೂ ಒಂದು ಸಣ್ಣ ಹಾಲ್‌ನಲ್ಲಿ ಇಟ್ರೆ ಚೆಲ್ಲೋದವರು ಗರಗಸ ಎಳೆದ ಹಾಗೆ ಕಾಣ್ತಾರೆ, ಕೇಳುದಿಲ್ಲ. ಚೆಲ್ಲೋಗೆ ಮೈಕ್ ಏರಿಸಿದ್ರೆ ಅದ್ರ ಮರದ ದನಿ ಹೋಗಿ ಪ್ಲಾಸ್ಟಿಕ್ ಆಗ್ತದೆ. ಚೆಂಡೆ ಬೇಕೇ ಬೇಕು ಅಂದ್ರೆ ಅದಕ್ಕೆ ತನ್ನದೇ ಹೊತ್ತು ಕೊಟ್ಟು ಉಳಿದವರು ಸುಮ್ನಿರುದು ಒಳ್ಳೆದು, ಜೊತೆಗೆ ಬಾರಿಸ್ಲಿಕ್ಕೆ ಮದ್ದಳೆ ಸಾಕು, ಶ್ರುತಿಗೂ ಕೂಡ್ತದೆ.

ಅದ್ರ ಮೇಲೆ ನಮ್ಮ ಮಳೆ. ಜೂನ್, ಜುಲೈಯಲ್ಲಿ ಇಲ್ಲಿನ ಗಾಳಿಯಲ್ಲೇ ನೀರು, ಮೃದಂಗದ ಚರ್ಮ ತೇವ ಹೀರಿ ಸಡಿಲ ಆಗಿ ಶ್ರುತಿ ಕೆಳಗೆ ಇಳೀತದೆ, ಅದೇ ಹೊತ್ತಿಗೆ ಚೆಲ್ಲೋದ ಮರ ಉಬ್ಬಿ ತಂತಿ ಬಿಗಿದು ಶ್ರುತಿ ಮೇಲೆ ಹೋಗ್ತದೆ. ಒಂದೇ ಹವೆಗೆ ಇಬ್ರೂ ಉಲ್ಟಾ ದಿಕ್ಕಿಗೆ. ಏಸಿ ಹಾಕಿ ಒಣಗಿಸಿದ್ರೆ ಮೃದಂಗ ಏರ್ತದೆ, ಚೆಲ್ಲೋ ಇಳೀತದೆ. ಹಾಗಾಗಿ ಒಂದೊಂದು ಐಟಂ ಆದ್ಮೇಲೆ ಅವರು ಐದೈದು ನಿಮಿಷ ಕಲ್ಲು ಹಿಡ್ಕೊಂಡು ಕುಟ್ಟುದು, ಬಿರಡೆ ತಿರುಗಿಸುದು ನೋಡಿ ಎಂತ ಇದು ಮೊದ್ಲೇ ಮಾಡ್ಕೊಂಡು ಬರ್ಲಿಕ್ಕೆ ಆಗುದಿಲ್ವಾ ಅಂತ ಗೊಣಗಬೇಡಿ. ಕಾರ್ಯಕ್ರಮ ಮಾಡಿಸುವವರಿಗೆ ಒಂದು ವಿನಂತಿ: ಏಸಿ ಹಾಕುದಾದ್ರೆ ಎರಡು ಗಂಟೆ ಮೊದ್ಲೇ ಹಾಕಿ, ಹಾಕಿದ್ದನ್ನು ಗಣ್ಯರ ಭಾಷಣ ಮುಗಿದ ಕೂಡ್ಲೆ ಆಫ್ ಮಾಡ್ಬೇಡಿ.